ಕುಡ ಮುಟ್ಟಿ ನೋಡುತ್ತಿದ್ದ ಅಣ್ಣ

ನಮ್ಮಣ್ಣ ಮಾನಪ್ಪ ಯಾವ ರೈತರ ಮನೆಗೆ ಹೋದರೂ ಮೊದಲು ದನದ ಕೊಟ್ಟಿಗೆಗೆ ನುಗ್ಗುತ್ತಿದ್ದ. ಗೋಡೆಗೆ ಒರಗಿಸಿದ ಕುಂಟೆಯ ಮುಂದೆ ಕುಕ್ಕರಿಸಿ, ನೆಲ ಕೆರೆಯುವ ಅದರ ಕಬ್ಬಿಣದ ಪಟ್ಟಿಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. ಅದಕ್ಕೆ ನಮ್ಮಲ್ಲಿ ಕುಡ ಎನ್ನುತ್ತಾರೆ. ಆಮೇಲೆಯೇ ನೀರು, ಮಾತು, ಯೋಗಕ್ಷೇಮ.

ಅವನು ರೋಣದಲ್ಲಿ ಒಕ್ಕಲುತನದ ಸಾಮಾನು ಮಾಡುವ ಕಾರ್ಖಾನೆಯ ಮಿಸ್ತ್ರಿ. ಹೊಸ ನಮೂನೆಯ ಬೀಜ ಬಿತ್ತುವ ಕೂರಿಗೆ, ಕುಂಟೆ ಅಲ್ಲಿ ತಯಾರಾಗುತ್ತಿದ್ದವು. ಅವು ಪಾಸೋ ಫೇಲೋ ಎಂದು ತಿಳಿಯಲು ಎರಡನೇ ಮಳೆಗಾಲದವರೆಗೆ ಕಾಯುತ್ತಿದ್ದ. ನರಗುಂದದ ಕರಿ ಮಣ್ಣಿನ ಎರೆ ಹೊಲ, ಗಜೇಂದ್ರಗಡದ ಕೆಂಪು ಮಣ್ಣಿನ ಮಸಾರಿ ಹೊಲ ಎರಡನ್ನೂ ಸೈಕಲ್ ಮೇಲೆ ಸುತ್ತುತ್ತಿದ್ದ.

“ಮೊದಲನೇ ವರ್ಷ ಹೊಸಾದು ಅಂತ ಹೂಡತಾರ. ಎರಡನೇ ವರ್ಷ ಬೇಕು ಅಂತ ಹೂಡಿದ್ರ ಅದು ಸಾಮಾನು” ಎನ್ನುತ್ತಿದ್ದ. ರೈತರ ಬಾಯಿಮಾತು ಅವನಿಗೆ ಬೇಕಿರಲಿಲ್ಲ. “ಮನಿಗೆ ಬಂದವಗ ನಿನ್ನ ಸಾಮಾನು ಕೆಟ್ಟೈತಿ ಅನ್ನೂ ಮಂದಿ ಅಲ್ಲ ನಮ್ಮವರು. ಕುಡ ಅಂಥಾ ಮರ್ಯಾದಿ ಮಾಡಂಗಿಲ್ಲ.” ದುಡಿದ ಕುಡ ಬೆಳ್ಳಗೆ ಹೊಳೆಯುತ್ತದೆ, ದುಡಿಯದ್ದಕ್ಕೆ ತುಕ್ಕು.

ಒಮ್ಮೆ ಧಾರವಾಡದಿಂದ ಬಂದ ಸಾಹೇಬರ ಮುಂದೆ ಕಾರ್ಖಾನೆಯ ಸಾವಕಾರರು, “ಎರಡು ವರ್ಷದಾಗ ಐದು ಹೊಸಾವು ಮಾಡೇವ್ರಿ” ಎಂದು ಮೀಸೆ ತಿರುವಿದರಂತೆ. ಅಣ್ಣ ಹಿಂದಿನಿಂದ, “ಮಾಡಿದ್ದು ಐದು ಖರೇರಿ ಸಾವಕಾರ್ರ. ಹೊಲದಾಗ ಇರೂವು ಎರಡು. ಉಳಿದ ಮೂರರ ಮ್ಯಾಲೆ ಕೋಳಿ ಕುಂದರತಾವ” ಎಂದನಂತೆ. ಸಾವಕಾರರು ಎರಡು ದಿನ ಅವನೊಡನೆ ಮಾತಾಡಲಿಲ್ಲ.

ಕನ್ನಡ ನಾಡು ಒಂದಾದ ವರ್ಷ ಅಣ್ಣ ಸ್ವಂತ ಬುದ್ಧಿಯಿಂದ ಪೂರಾ ಕಬ್ಬಿಣದ ಎಡೆಕುಂಟೆ ಮಾಡಿದ, ಬೆಳೆಯ ಸಾಲಿನ ನಡುವೆ ಕಳೆ ತೆಗೆಯುವಂಥದ್ದು. ಹೂಡಿ ನೋಡಲೆಂದು ಕೆಲವು ಊರಿನ ರೈತರಿಗೆ ಕೊಟ್ಟರು. ನನ್ನನ್ನು ಕೊಟ್ಟ ಯಾವಗಲ್ ಊರಿನ ನಮ್ಮ ಮನೆಗೂ ಒಂದು ಬಂತು. ಸರಿಬಂದರೆ ನೂರು ಮಾಡಿಸಿ ‘ಮಾನಪ್ಪನ ಕುಂಟಿ’ ಎಂದೇ ಹೆಸರಿಡುವುದಾಗಿ ಸಾವಕಾರರು ಹೇಳಿದ್ದರು. ಅಣ್ಣನಿಗೆ ಮಕ್ಕಳಿರಲಿಲ್ಲ. ಆ ಹೆಸರಿನ ಮೇಲೆ ಅವನಿಗೆಷ್ಟು ಆಸೆಯಿತ್ತೆಂದು ನನಗೆ ಗೊತ್ತಿತ್ತು.

ಎರಡನೇ ಮಳೆಗಾಲಕ್ಕೆ ಬಂದ. ಅಂದು ಮಾತ್ರ ಕೊಟ್ಟಿಗೆಗೆ ಹೋಗಲಿಲ್ಲ. ಕಟ್ಟೆಯ ಮೇಲೆ ಕುಳಿತು ನನ್ನನ್ನೇ ಕೇಳಿದ: “ಹ್ಯಾಂಗೈತಿ ಗಂಗವ್ವಾ?”

“ಭಾಳ ಚಲೋ ಐತಿ ಯಣ್ಣಾ” ಎಂದೆ.

ಚಹಾ ಕುಡಿದು ಬಟ್ಟಲು ಕೆಳಗಿಟ್ಟ. ಆಮೇಲೆ ಎದ್ದು ಕೊಟ್ಟಿಗೆಗೆ ಹೋದ. ಹೊರಬಂದಾಗ ಹೆಬ್ಬೆರಳು ತುಕ್ಕು ಹತ್ತಿ ಕೆಂಪಾಗಿತ್ತು.

ನಮ್ಮ ಮನೆಯವರು ನೆಲ ನೋಡುತ್ತ, “ಸಾಲಿನ ತುದಿಗೆ ಎತ್ತಿ ತಿರುಗಸೂದು ಆಗವಲ್ದ್ರಿ ಮಾವಾರ. ಭಾಳ ಭಾರ” ಎಂದರು.

“ನಾ ಸುತ್ತಿಗಿ ಬೀಸಿದ ರಟ್ಟಿಲೆ ಎತ್ತಿ ನೋಡಿದ್ನಪಾ. ತಪ್ಪಾತು” ಎಂದ ಅಣ್ಣ.

ನನಗೆ ಅಳು ಬಂತು. “ನಿನಗ ಕೆಟ್ಟ ಅನಸಬಾರದು ಅಂತ ಹಂಗಂದೆ.”

“ನೀ ಅಂದಿದ್ದು ಅಣ್ಣನ ಮ್ಯಾಲಿನ ಪ್ರೀತಿಗೆ, ತಂಗಿ. ನಾಳೆ ಇದನ್ನ ಕೊಳ್ಳೂ ಆ ನೂರು ಮನಿಯವರಿಗೆ ನಾ ಏನು ಅಣ್ಣ ಆಗಬೇಕು?”

ಅಂದೇ ಕುಂಟೆಯನ್ನು ನಮ್ಮ ಗಾಡಿಗೆ ಹೇರಿಸಿ ರೋಣಕ್ಕೆ ಒಯ್ದ. ನಮ್ಮ ಮನೆಯವರೂ ಜೊತೆಗಿದ್ದರು. “ಕೇಳಿದವರೆಲ್ಲ ಚಲೋ ಅಂದಾರ. ನಿನ್ನ ಹೆಸರು ನೀನ ಅಳಸ್ತಿಯೇನೋ ಹುಚ್ಚಪ್ಪಾ?” ಎಂದು ಸಾವಕಾರರು ರೇಗಿದರಂತೆ. ಅಣ್ಣ ಕುಂಟೆಯನ್ನು ಅವರ ಕೈಗೇ ಕೊಟ್ಟು, “ಎತ್ತಿ ತಿರುಗಿಸ್ರಿ” ಎಂದನಂತೆ. ಮೂರನೇ ಸಲಕ್ಕೆ ಸಾವಕಾರರು ಕೆಳಗಿಟ್ಟು ಬೆವರು ಒರೆಸಿಕೊಂಡರಂತೆ. ನೂರು ಕುಂಟೆ ಆಗಲಿಲ್ಲ. ನಮ್ಮ ಮನೆಯವರು ಇದನ್ನು ಊರೆಲ್ಲ ಹೇಳಿಕೊಂಡು ತಿರುಗಿದರು. ನನಗೂ ಎದೆ ತುಂಬಿತ್ತು.

ಕಟ್ಟಿಗೆಯ ಮೈ ಹಚ್ಚಿ ಹಗುರಾದ ಕುಂಟೆಯನ್ನು ಮಾಡುತ್ತಿದ್ದಾಗ ಅಣ್ಣನಿಗೆ ಜ್ವರ ಬಂತು. ಎಂಟು ದಿನಕ್ಕೆ ಹೋಗಿಬಿಟ್ಟ. ದುಃಖದಲ್ಲಿ ಮಾತಾಡಿಸಲು ಬಂದ ಸಾವಕಾರರು ಕಟ್ಟೆಯ ಮೇಲೆ ಕುಳಿತರು. “ಹೊಸಾದು ಮಾಡಾಕ ಮಂದಿ ಸಿಗತಾರವಾ. ಇದು ಸರಿಯಾಗಿಲ್ಲ ಅಂತ ಮಾರಿ ಮ್ಯಾಲೆ ಹೇಳಾವ ಹೋದ” ಎಂದರು.

ಈ ಹಂಗಾಮಿಗೆ ಕಾರ್ಖಾನೆಯವರು ನಮಗೊಂದು ಹೊಸ ಕೂರಿಗೆ ಕೊಟ್ಟಿದ್ದರು. ಮೊನ್ನೆ ಬಂದು ಹೇಗಿದೆ ಎಂದು ಕೇಳಿದರು. ಚಹಾ ಕೊಟ್ಟೆ. ಕುಡಿಯುವವರೆಗೆ ತಡೆದು, “ನಡುವಿನ ಕೊಳವ್ಯಾಗ ಬೀಜ ಸಿಕ್ಕೊಂತಾವ್ರಿ. ಒಯ್ದು ತಿದ್ದಿಕೊಂಡು ಬರ್ರಿ” ಎಂದೆ. ಅವರು ಮುಖ ಸಣ್ಣದು ಮಾಡಿಕೊಂಡು ಒಯ್ದರು. ಅವರು ಹೋದ ಮೇಲೆ ಬಾಗಿಲು ಮುಚ್ಚಿಕೊಂಡು, ಅಣ್ಣನನ್ನು ನೆನೆದು ಅತ್ತುಬಿಟ್ಟೆ.