ತಿಜೋರಿಯೊಳಗಿನ ಕನ್ನಡಕ

ತೆಕ್ಕಟ್ಟೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಾಲೆಯ ಆಯಾ ಗಿರಿಜಾ ಆಗಲೇ ದುಗ್ಗಪ್ಪ ಶೆಟ್ಟರ ಅಂಗಳದಲ್ಲಿ ನಿಂತಿದ್ದಾರೆ.

“ಹ್ವಾಯ್ ಶೆಟ್ರೆ, ಹೆಣ್ಣಿನ್ ಕನ್ನಡ್ಕ ಎಲ್ಲಿತ್ತ್?”

ಶೆಟ್ಟರು ಮಗಳ ಕನ್ನಡಕವನ್ನು ಹೆಗಲ ಬೈರಾಸಿನಲ್ಲಿ ಒರೆಸುತ್ತ ಹೊರಗೆ ಬರುತ್ತಾರೆ. ಅದು ಸರೋಜಳ ಮೂಗಿನ ಮೇಲೆ ಕೂತದ್ದನ್ನು ಕಂಡ ಮೇಲೆಯೇ ಗಿರಿಜಾ ಮುಂದಿನ ಮನೆಯ ದಾರಿ ಹಿಡಿಯುವುದು. ಶಾಲೆ ಗುಡಿಸಿ, ನೀರು ತುಂಬಿಸಿ, ಗಂಟೆ ಹೊಡೆಯುವುದಕ್ಕೆ ಅವರಿಗೆ ಸಂಬಳವಿದೆ. ಮಕ್ಕಳ ಮೂಗಿಗೆ ಕನ್ನಡಕ ಏರಿಸಲು ಯಾರೂ ಹೇಳಿಲ್ಲ.

ಕಳೆದ ವರ್ಷದವರೆಗೂ ಸರೋಜ ಕುತ್ತಿಗೆ ಓರೆ ಮಾಡಿ, ಕಣ್ಣು ಕಿರಿದು ಮಾಡಿಯೇ ಬೋರ್ಡು ನೋಡುತ್ತಿದ್ದಳು. ಪಕ್ಕದವಳ ಸ್ಲೇಟು ಕದ್ದು ನೋಡುತ್ತಾಳೆಂದು ಉಮಾನಾಥ ಮಾಸ್ತರರು ಬೆಂಚಿನ ಮೇಲೆ ನಿಲ್ಲಿಸಿದರು. ಅಲ್ಲಿಯೂ ಅವಳು ಓರೆಯಾಗಿಯೇ ನಿಂತಳು.

ಶಾಲೆಗೆ ಬಂದ ಕುಂದಾಪುರದ ಕಣ್ಣಿನ ಡಾಕ್ಟರರು ಅವಳ ಕಣ್ಣಿಗೆ ದೀಪ ಹಿಡಿದು ನೋಡಿದರು. ಕಣ್ಣಿನ ಮುಂಭಾಗ ಚೆಂಡಿನಂತೆ ಗುಂಡಗಿಲ್ಲ, ಒಂದು ಕಡೆಗೆ ಹೆಚ್ಚು ಬಾಗಿದೆ, ಅದಕ್ಕೇ ಅಕ್ಷರದ ಗೆರೆಗಳು ಕಲಸಿಹೋಗುತ್ತವೆ ಎಂದರು. ಅದರ ಹೆಸರು ಅಸ್ಟಿಗ್ಮಾಟಿಸಂ. ಗಿರಿಜಾ ಈ ಹೆಸರನ್ನು ಬಾಯಿಪಾಠ ಮಾಡಿಕೊಂಡು ಶೆಟ್ಟರ ಮನೆಗೆ ಒಯ್ದರು. ಶೆಟ್ಟರ ತಾಯಿ ಪದ್ದಕ್ಕನ ಕಿವಿಗೆ ಬಿದ್ದದ್ದು ‘ಮಾಟ’ ಮಾತ್ರ. ಯಾರು ಮಾಡಿಸಿದ್ದೆಂದು ತಿಳಿಯದೆ ಅವರು ಗಿರಿಜಾರನ್ನು ಬಿಡಲೊಲ್ಲರು.

ಅಂತೂ ಕನ್ನಡಕ ಬಂತು. ಬಂದದ್ದೇ ಶೆಟ್ಟರು ಅದನ್ನು ಬಂಗಾರದ ಜೊತೆ ತಿಜೋರಿಯಲ್ಲಿಟ್ಟು ಬೀಗ ಹಾಕಿದರು. ದಿನಾ ಹಾಕಿದರೆ ಸವೆದೀತು, ಮದುವೆ ಮುಂಜಿಗೆ ಇರಲಿ ಎಂಬುದು ಅವರ ಲೆಕ್ಕ. ಗಿರಿಜಾ ದಿನವೂ ಹೋದರು. ಮಳೆಗಾಲದಲ್ಲಿ ಗದ್ದೆಯ ಅಂಚಿನಲ್ಲಿ ಜಾರಿ ಬಿದ್ದರು, ಶೆಟ್ಟರ ನಾಯಿಯಿಂದ ಕಚ್ಚಿಸಿಕೊಂಡರು. ಹೆಣ್ಣುಮಗುವಿಗೆ ಕನ್ನಡಕ ಹಾಕಿಸಿ ಮುಂದೆ ಗಂಡು ಸಿಗದ ಹಾಗೆ ಮಾಡುತ್ತಾಳೆಂಬ ಮಾತನ್ನೂ ಕೇಳಿದರು. ತಿಜೋರಿ ಮಾತ್ರ ತೆರೆಯಲಿಲ್ಲ.

ತೆರೆದದ್ದು ಪದ್ದಕ್ಕ, ಅದೂ ಅಕ್ಕಿ ಆರಿಸಲು. ಗಿರಿಜಾ ಹೋದಾಗ ಅಜ್ಜಿ ಮೊಮ್ಮಗಳ ಕನ್ನಡಕ ಏರಿಸಿ ಅಕ್ಕಿ ಹರಡಿದ ಗೆರಸೆಯ ಮುಂದೆ ಕೂತಿದ್ದರು. ಇದು ಹುಡುಗಿಯ ಕಣ್ಣಿಗೇ ತಯಾರಾದ ಗಾಜು, ನಿಮಗೆ ಆಗದು ಎಂದು ಗಿರಿಜಾ ಹೇಳಿದರು. ಕನ್ನಡಕವೆಂದರೆ ಕನ್ನಡಕ, ಅದರಲ್ಲಿ ಅಜ್ಜಿಯದು ಮೊಮ್ಮಗಳದು ಎಂದಿದೆಯೇ ಎಂದು ಅಜ್ಜಿ ಕೇಳಿದರು. ಗೆರಸೆ ಒಂದು ಕಡೆ ವಾಲಿದಂತೆ ಕಂಡರೂ, ತಲೆ ಸುತ್ತಿದರೂ ಹಟ ಬಿಡದೆ ಅಕ್ಕಿ ಆರಿಸಿ ಮುಗಿಸಿದರು. ಮಧ್ಯಾಹ್ನ ಶೆಟ್ಟರ ಮೊದಲ ತುತ್ತಿನಲ್ಲೇ ಕಲ್ಲು ಸಿಕ್ಕಿ ದವಡೆಹಲ್ಲು ಅರ್ಧ ಹೋಯಿತು.

“ಗಿರಿಜಾ ಹೇಳ್ದದ್ದ್ ನಾ ಕೇಂಡಿಲ್ಲ. ಹಲ್ಲ್ ಹೇಳ್ದದ್ದ್ ಕೇಂಡೆ,” ಎನ್ನುತ್ತಾರೆ ಶೆಟ್ಟರು, ಕೆನ್ನೆ ಸವರಿಕೊಳ್ಳುತ್ತ. ಮರುದಿನದಿಂದ ಕನ್ನಡಕ ತಿಜೋರಿಗೆ ಹೋಗಿಲ್ಲ.

ಈಗ ಸರೋಜ ಹಿಂದಿನ ಬೆಂಚಿನಲ್ಲಿ ನೆಟ್ಟಗೆ ಕೂತು ಬೋರ್ಡು ಓದುತ್ತಾಳೆ. ಸ್ಲೇಟಿನ ವಿಷಯದಲ್ಲಿ ತಪ್ಪು ತಿಳಿದೆನೆಂದು ಮಾಸ್ತರರು ತರಗತಿಯ ಎದುರೇ ಹೇಳಿದ್ದಾರೆ. ಇಡೀ ದಿನ ಕನ್ನಡಕ ಹಾಕಿದ ಮೊದಲ ದಿನ ಸರೋಜ ಗಿರಿಜಾರ ಮುಖವನ್ನೇ ತುಂಬ ಹೊತ್ತು ನೋಡಿ, ಇಷ್ಟೊಂದು ನೆರಿಗೆ ಯಾವಾಗ ಬಂತೆಂದು ಕೇಳಿದಳಂತೆ.

“ಅಲ್ಲಿವರಿಗೆ ಅದ್ರ ಕಣ್ಣಿಗೆ ನಾ ಪ್ರಾಯದ್ ಹೆಣ್ಣ್,” ಎಂದು ಗಿರಿಜಾ ನಗುತ್ತಾರೆ. ಡಾಕ್ಟರರು ಮತ್ತೆ ಬರಬೇಕು, ಉಳಿದ ಮಕ್ಕಳ ಕಣ್ಣನ್ನೂ ನೋಡಬೇಕು ಎಂಬುದು ಅವರ ಆಸೆ. “ನೆರಿಗೆ ಎಷ್ಟ್ ಬೇಕಾರೂ ಎಣ್ಸಲಿ ಮಾರಾಯ್ರೆ. ಮಕ್ಕಳಿಗೆ ಕಂಡ್ರೆ ಸಾಕ್.”