ಗಂಗಕ್ಕ ಸುಮ್ಮನಿದ್ದ ಭಾನುವಾರ

ದೇವನಹಳ್ಳಿ ಕೋಟೆಯೊಳಗೆ ಹೊಸಬರು ಯಾರೇ ಕಾಲಿಟ್ಟರೂ ನಾಲ್ಕು ಹೆಜ್ಜೆ ನಡೆಯುವುದರೊಳಗೆ ಒಂದು ಪ್ರಶ್ನೆ ಎದುರಾಗುತ್ತದೆ: “ಯಾರ ಮನೆಗೆ ಬಂದ್ರಿ?” ಕೇಳುವವರಿಗೆ ಕುತೂಹಲವಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಕುತೂಹಲಕ್ಕಿಂತ ಹೆಚ್ಚಾಗಿ ಅದು ನಮ್ಮ ಬೀದಿಯ ಮರ್ಯಾದೆ. ಹೊಸ ಮುಖವೊಂದು ಅತ್ತಿತ್ತ ನೋಡುತ್ತ ನಿಂತಿರುವಾಗ ನಮ್ಮ ಪಾಡಿಗೆ ನಾವು ಕೂತಿದ್ದರೆ ಚೆನ್ನಾಗಿರುವುದಿಲ್ಲ. ಕೇಳಬೇಕು, ಆ ಮನೆಯ ಬಾಗಿಲತನಕ ಬಿಡಬೇಕು, ಒಳಗಿನವರನ್ನು ಕೂಗಬೇಕು, ಬಂದವರು ಅವರಿಗೇನಾಗಬೇಕು ಎಂಬುದನ್ನೂ ತಿಳಿದುಕೊಂಡೇ ವಾಪಸು ಬರಬೇಕು.

ಈ ಕೆಲಸದಲ್ಲಿ ಮುನಿಗಂಗಮ್ಮನನ್ನು ಮೀರಿಸಿದವರಿಲ್ಲ. ಬೀದಿಗೆಲ್ಲ ಅವಳು ಗಂಗಕ್ಕ. ನನ್ನ ಜೆರಾಕ್ಸ್ ಅಂಗಡಿಯ ಎದುರಿಗೇ ಅವಳ ಮನೆ. ಕಲ್ಲಿನ ಜಗಲಿ, ಹಸಿರು ಬಣ್ಣದ ಬಾಗಿಲು, ಹೊಸ್ತಿಲ ಮೇಲೆ ಯಾವ ಕಾಲದಲ್ಲೋ ಯಾರೋ ಕೆತ್ತಿದ ಒಂದು ಕಮಲ. ಗಂಡ ಲಕ್ಷ್ಮಯ್ಯ ಒಳಗೆ ಟೀವಿ ಮುಂದೆ, ಇವಳು ಹೊರಗೆ ಜಗಲಿಯ ಮೇಲೆ. ಕೊರಿಯರ್ ಹುಡುಗರು ಮ್ಯಾಪು ನೋಡುವುದನ್ನು ಬಿಟ್ಟು ನೇರವಾಗಿ ಅವಳ ಹತ್ತಿರವೇ ಬರುತ್ತಾರೆ. ದಿನವಿಡೀ ಅವಳ ಬಾಯಿ ಕೇಳಿಸಿಕೊಂಡು ನನಗೆ ಎಷ್ಟೋ ಸಲ ರೇಗಿದೆ. ಆದರೂ ಅವಳು ಒಂದು ದಿನ ಮದುವೆಗೋ ತಿಥಿಗೋ ಹೋದರೆ ಅಂಗಡಿಯಲ್ಲಿ ಕೂರುವುದಕ್ಕೆ ಬೇಜಾರಾಗುತ್ತದೆ.

ಗಂಗಕ್ಕನ ತವರೂರು ಈಗ ಇಲ್ಲ. ಊರಿನ ಜಾಗವೆಲ್ಲ ಏರ್‌ಪೋರ್ಟಿಗೆ ಹೋಯಿತು. ತಲೆಯ ಮೇಲೆ ವಿಮಾನ ತಗ್ಗಿ ಹಾರಿದಾಗಲೆಲ್ಲ ಅವಳು ಎಲೆಯಡಿಕೆ ಅಗಿಯುತ್ತ, “ನಮ್ಮೂರಿಗೆ ಬಸ್ ಬಂತು ನೋಡು ಮೂರ್ತಿ” ಎಂದು ನನಗೆ ಹೇಳುತ್ತಾಳೆ. ನಾವು ನಗುತ್ತೇವೆ. ಅವಳೂ ನಗುತ್ತಾಳೆ. ಗೌರಿ ಹಬ್ಬದ ವಾರದಲ್ಲಿ ಮಾತ್ರ ಆ ತಮಾಷೆ ಮಾಡುವುದಿಲ್ಲ, ಯಾರೂ ಮಾಡಕೂಡದು.

ಕಾರಣ ಬೀದಿಗೆಲ್ಲ ಗೊತ್ತು. ಊರು ಖಾಲಿ ಮಾಡುವ ಮುಂಚಿನ ಗೌರಿ ಹಬ್ಬಕ್ಕೆ ತಮ್ಮ ಚಿಕ್ಕಬೀರಪ್ಪ ಎಂದಿನಂತೆ ಮೊರದ ಬಾಗಿನ ತಂದಿದ್ದ. ಕೊಟ್ಟು, ಕಾಫಿ ಕುಡಿದು, ಹೊರಡುವಾಗ ಹೇಳಿದ್ದ: “ಮುಂದಿನ್ ವರ್ಷದಿಂದ ಕಾಯ್ಬೇಡಕ್ಕ. ತವರೇ ಇಲ್ದ ಮೇಲೆ ತವರಿನ ಬಾಗಿನ ಎಲ್ಲಿಂದ ತರ್ಲಿ?” ಗಂಗಕ್ಕ ಸಮಾಧಾನ ಹೇಳಿದಳು, ಬೈದಳು, ಅತ್ತಳು. ಅವನು ತಲೆ ಬಗ್ಗಿಸಿಕೊಂಡೇ ನಿಂತಿದ್ದ. ಕೊನೆಗೆ ಅವಳ ಬಾಯಿಂದ ಬರಬಾರದ ಮಾತು ಬಂತು. “ತರ್ದೇ ಇದ್ರೆ ನಿನ್ ಮುಖಾನೂ ನೋಡಲ್ಲ ಕಣೋ, ಹೋಗು.”

ಅವನು ತರಲಿಲ್ಲ. ಘಾಟಿ ಸುಬ್ರಹ್ಮಣ್ಯದ ಕಡೆ ಒಂದಿಷ್ಟು ಜಮೀನು ಮಾಡಿಕೊಂಡು ಅಲ್ಲೇ ನೆಲೆನಿಂತ. ನೆಂಟರ ಮದುವೆಗಳಲ್ಲಿ ಒಂದೆರಡು ಸಲ ಎದುರಾದರೂ ಇಬ್ಬರೂ ಮಾತಾಡಲಿಲ್ಲ. ರೋಷದಲ್ಲಿ ಅಕ್ಕ ತಮ್ಮ ಇಬ್ಬರೂ ಒಂದೇ ಅಚ್ಚು. ಆದರೆ ಪ್ರತಿ ಗೌರಿ ಹಬ್ಬದ ವಾರ ಗಂಗಕ್ಕ ಬೆಳಿಗ್ಗೆಯಿಂದ ಸಂಜೆವರೆಗೆ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಮಧ್ಯಾಹ್ನದ ಊಟವನ್ನೂ ತಟ್ಟೆಗೆ ಹಾಕಿಕೊಂಡು ಅಲ್ಲೇ ಮಾಡುತ್ತಿದ್ದಳು. ಯಾರಿಗೆ ಕಾಯುತ್ತಿದ್ದೀಯ ಎಂದು ಕೇಳುವ ಧೈರ್ಯ ನಮಗೆ ಯಾರಿಗೂ ಇರಲಿಲ್ಲ.

ಇನ್ನು ಕೀರ್ತನಳ ವಿಷಯ. ನಮ್ಮ ಬೀದಿಯ ಕೊನೇ ಮನೆಯ ಹುಡುಗಿ. ಏರ್‌ಪೋರ್ಟಿನಲ್ಲಿ ಕೌಂಟರ್ ಕೆಲಸಕ್ಕಿದ್ದವಳು ಕೊರೊನಾ ಬಂದು ವಿಮಾನಗಳು ನಿಂತಾಗ ಮನೆಗೆ ಬಂದು ಕೂತಳು. ಎರಡನೇ ಅಲೆ ಇಳಿದ ಮೇಲೆ ಒಂದು ಹೊಸ ಉದ್ಯೋಗ ಹುಡುಕಿಕೊಂಡಳು. ಹೆಸರು ‘ಕೋಟೆ ಒಗಟು’. ಬೆಂಗಳೂರಿನವರು ಭಾನುವಾರ ಕೋಟೆ ನೋಡಲು ಬರುತ್ತಾರಲ್ಲ, ಅವರ ಕೈಗೆ ಕೋಟೆ ಬಾಗಿಲಲ್ಲಿ ಒಂದು ಹಾಳೆ ಕೊಡುವುದು. ಗೈಡ್ ಇಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಹಾಳೆಯಲ್ಲಿರುವ ಒಗಟು ಬಿಡಿಸಿದರೆ ಮುಂದಿನ ಜಾಗ ಗೊತ್ತಾಗುತ್ತದೆ. ಕೊತ್ತಲ, ವೇಣುಗೋಪಾಲಸ್ವಾಮಿ ದೇವಸ್ಥಾನ, ಹಳೇ ಬೀದಿ ಎಲ್ಲವನ್ನೂ ಅವರೇ ಹುಡುಕಿಕೊಂಡು ಸುತ್ತಬೇಕು. ಹಾಳೆಗಳ ಜೆರಾಕ್ಸ್ ನನ್ನ ಅಂಗಡಿಯಲ್ಲೇ ಆಗುತ್ತಿತ್ತಾದ್ದರಿಂದ ಒಗಟುಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಅದರಲ್ಲೊಂದು: ‘ನೀರಿಲ್ಲದ ಕಡೆ ಅರಳಿದ್ದೇನೆ. ದಿನವೂ ಎಲ್ಲರೂ ದಾಟುತ್ತಾರೆ, ಯಾರೂ ತುಳಿಯುವುದಿಲ್ಲ. ನನಗೆ ಎಷ್ಟು ದಳ?’

ಗಂಗಕ್ಕನ ಹೊಸ್ತಿಲು. ಒಗಟು ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ಊರಿನಿಂದ.

ಮೊದಲ ಭಾನುವಾರ ಬಂದವರು ಹಾಳೆ ಹಿಡಿದು ಬೀದಿಯಲ್ಲಿ ನಿಂತು ತಲೆ ಕೆರೆದುಕೊಂಡಿದ್ದೇ ತಡ, ಗಂಗಕ್ಕ ಶುರುಮಾಡಿದಳು. “ಯಾರ ಮನೆಗೆ ಬಂದ್ರಿ? ಒಗಟಾ? ಓದು ಮಗ... ಅಯ್ಯೋ, ಅದು ನಮ್ಮನೆ ಹೊಸ್ಲು ಕಣ್ರಪ್ಪ. ಎಂಟು ದಳ. ಬನ್ನಿ, ಕಾಫಿ ಕುಡ್ಕೊಂಡ್ ಹೋಗಿ.” ಕೋಟೆ ಬಾಗಿಲಲ್ಲಿ ಹೂವು ಮಾರುವ ಬೈರಣ್ಣ ಇನ್ನೂ ಮುಂದೆ ಹೋಗಿ, ಮುಂದಿನ ಒಗಟುಗಳ ಉತ್ತರವನ್ನೂ ಒಟ್ಟಿಗೇ ಹೇಳಿ ಅವರ ಶ್ರಮ ಉಳಿಸಿದ. ಬೆಳಿಗ್ಗೆಯೆಲ್ಲ ಸುತ್ತಬೇಕಾದವರು ತಿಂಡಿ ಹೊತ್ತಿಗೆ ಮುಗಿಸಿ ಹೊರಟುಹೋದರು. ಎರಡನೇ ಭಾನುವಾರವೂ ಇದೇ ಕಥೆ. ಜನ ಒಳ್ಳೆಯವರು, ಆಟ ಮಾತ್ರ ಸಪ್ಪೆ ಎಂದು ಯಾರೋ ಫೋನಿನಲ್ಲಿ ಬರೆದೂಬಿಟ್ಟರು.

ಮೂರನೇ ಭಾನುವಾರ ಒಂದು ಕಂಪನಿಯ ಹತ್ತಾರು ಜನ ಬರುವವರಿದ್ದರು. ಅವರಿಗೆ ಹಿಡಿಸಿದರೆ ವಾರವಾರವೂ ಬೇರೆ ಬೇರೆ ತಂಡ ಕಳಿಸುತ್ತಾರಂತೆ. ಹಿಡಿಸದಿದ್ದರೆ ಕೋಟೆ ಒಗಟಿಗೆ ಬೀಗ. ಕೀರ್ತನ ಮನೆಮನೆಗೂ ಹೋಗಿ ಕೈಮುಗಿದಳು. ಕೊನೆಗೆ ಗಂಗಕ್ಕನ ಜಗಲಿಗೆ ಬಂದಳು.

“ಅಜ್ಜಿ, ಒಂದೇ ಒಂದು ದಿನ. ಯಾರು ಬಂದು ನಿಂತ್ರೂ ಮಾತಾಡಿಸ್ಬೇಡಿ. ಪ್ಲೀಸ್.”

“ಮನೆ ಮುಂದೆ ನಿಂತೋರ್ನ ಮಾತಾಡಿಸ್ದೆ ಹೆಂಗೆ ಇರೋದೇ?”

“ಅವ್ರು ನಿಮ್ಮನೆಗ್ ಬಂದಿರಲ್ಲ ಅಜ್ಜಿ, ಹೊಸ್ಲು ನೋಡಕ್ಕೆ ಬಂದಿರ್ತಾರೆ.”

ಗಂಗಕ್ಕ ಎಲೆಗೆ ಸುಣ್ಣ ಹಚ್ಚುತ್ತ ಯೋಚಿಸಿದಳು. ಗೌರಿ ಹಬ್ಬದ ವಾರ ಬೇರೆ. ಆದರೆ ಕೀರ್ತನಳನ್ನು ಎತ್ತಿ ಆಡಿಸಿದವಳು ಅವಳು. ಕೆಲಸ ಕಳೆದುಕೊಂಡು ಬಂದ ಹುಡುಗಿ ತಿಂಗಳುಗಟ್ಟಲೆ ಬಾಗಿಲು ಹಾಕಿಕೊಂಡು ಮಲಗಿದ್ದನ್ನೂ ಕಂಡವಳು. “ಆಯ್ತು ಹೋಗು. ಬಾಯಿ ಬಿಡಲ್ಲ” ಅಂದಳು.

ಆ ಭಾನುವಾರ ನಮ್ಮ ಬೀದಿ ನೋಡುವ ಹಾಗಿತ್ತು. ಜನರೆಲ್ಲ ತುಟಿ ಬಿಗಿಹಿಡಿದು ಓಡಾಡುತ್ತಿದ್ದರು. ಬೈರಣ್ಣ ಹೂವಿನ ರೇಟನ್ನೂ ಬೆರಳಲ್ಲೇ ತೋರಿಸುತ್ತಿದ್ದನಂತೆ. ಗಂಗಕ್ಕನಿಗೆ ತನ್ನ ಮೇಲೆ ತನಗೇ ನಂಬಿಕೆಯಿರಲಿಲ್ಲ. ಮುಖ ನೋಡಿದರೆ ಮಾತು ಬಂದುಬಿಡುತ್ತದೆ ಎಂದು ಬೀದಿಗೆ ಬೆನ್ನು ಮಾಡಿ, ಗೋಡೆ ಕಡೆ ತಿರುಗಿ ಹುರುಳಿಕಾಳು ಆರಿಸುತ್ತ ಕೂತಿದ್ದಳು. ತಂಡಗಳು ಬಂದವು, ಹೊಸ್ತಿಲ ಮುಂದೆ ಬಗ್ಗಿ ದಳ ಎಣಿಸಿದವು, ಹೋದವು. ಕೀರ್ತನ ಈ ವಾರ ಒಂದು ಹೊಸ ಒಗಟು ಸೇರಿಸಿದ್ದಳು. ಅದರ ಉತ್ತರ ಮೊರ. ಹಬ್ಬಕ್ಕೆಂದು ಕೋಟೆ ಬಾಗಿಲಲ್ಲಿ ಮೊರ ಮಾರುತ್ತಿದ್ದರಲ್ಲ, ಅಲ್ಲಿಂದ ಒಂದೊಂದು ಕೊಂಡುಕೊಂಡು ಬರಬೇಕು. ಹಾಗಾಗಿ ಬಂದವರ ಕೈಯಲ್ಲೆಲ್ಲ ಮೊರ, ಮುಖದಲ್ಲೆಲ್ಲ ಮಾಸ್ಕು.

ಹನ್ನೊಂದರ ಸುಮಾರಿಗೆ ಒಬ್ಬನೇ ಒಬ್ಬ ಗಂಡಸು ಬಂದು ನಿಂತ. ಬೀಜದ ಕಂಪನಿಯವರು ಕೊಡುವ ಹಸಿರು ಟೋಪಿ, ಮಾಸ್ಕು, ಕೈಯಲ್ಲೊಂದು ಚೀಲ, ಚೀಲದ ಬಾಯಲ್ಲಿ ಮೊರದ ಅಂಚು. ತಂಡದಿಂದ ಹಿಂದೆ ಬಿದ್ದವನಿರಬೇಕು ಎಂದು ನಾನು ಮಷಿನ್ನಿಗೆ ಹಾಳೆ ತುಂಬಿಸುವ ಕೆಲಸಕ್ಕೆ ತಿರುಗಿದೆ. ಅವನು ಹೊಸ್ತಿಲನ್ನೇ ನೋಡುತ್ತಿದ್ದ. ಒಂದು ಸಲ ಕೆಮ್ಮಿದ. ಗಂಗಕ್ಕ ಅರ್ಧ ತಿರುಗಿದಳು, ಮೊರ ಕಂಡಳು, ಕೊಟ್ಟ ಮಾತು ನೆನಪಾಗಿ ಫಕ್ಕನೆ ಮುಖ ತಿರುಗಿಸಿಕೊಂಡಳು. ಅವನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ನಾನು ಮತ್ತೆ ತಲೆಯೆತ್ತಿದಾಗ ಇರಲಿಲ್ಲ.

“ನೋಡ್ದಾ ಮೂರ್ತಿ, ಕೆಮ್ಮಿದ್ರೂ ಮಾತಾಡ್ಲಿಲ್ಲ ನಾನು” ಎಂದು ಗಂಗಕ್ಕ ನನ್ನ ಹತ್ತಿರ ಜಂಬ ಕೊಚ್ಚಿಕೊಂಡಳು.

ಹನ್ನೆರಡರ ಹೊತ್ತಿಗೆ ವ್ಯಾಪಾರ ಇಳಿದ ಮೇಲೆ ಬೈರಣ್ಣ ಅದೇ ಚೀಲ ಹಿಡಿದುಕೊಂಡು ಬಂದ. “ಗಂಗಕ್ಕ, ಆಟದೋರು ಯಾರೋ ಕೊಟ್ಟೋದ್ರು. ಕಮಲದ ಹೊಸ್ಲು ಮನೆ ಅಮ್ಮಂಗೆ ಕೊಟ್ಬಿಡು ಅಂದ್ರು. ಇದೂ ಒಗಟಾ?”

ಗಂಗಕ್ಕ ಚೀಲ ಬಿಚ್ಚಿದಳು. ಒಂದು ಮೊರವಲ್ಲ, ಒಂದರ ಮೇಲೊಂದು ಕವುಚಿ ಕಟ್ಟಿದ ಜೋಡಿ ಮೊರ. ಅರಿಶಿನ ಹಚ್ಚಿತ್ತು. ಒಳಗೆ ಅಕ್ಕಿ, ಬೇಳೆ, ಬೆಲ್ಲ, ಹಸಿರು ಬಳೆ, ರವಿಕೆ ಕಣ. ಚೀಲದ ತಳದಲ್ಲಿ ಒಂದು ಚಕ್ಕೋತ. ನಮ್ಮ ಕಡೆಯ ಚಕ್ಕೋತ ಗುಂಡಗಿರುತ್ತದೆ. ಇದಕ್ಕೆ ತೊಟ್ಟಿನ ಹತ್ತಿರ ಚೊಂಬಿನ ಹಾಗೆ ಕುತ್ತಿಗೆ ಇತ್ತು. ಗಂಗಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಇದು ನಮ್ಮ ಹಿತ್ಲು ಹಣ್ಣು” ಅಂದಳು. “ಆ ಮರ ಕೆಡವೋಕ್ ಮುಂಚೆ ಬೀರ ಕೊಂಬೆಗೆ ಗೂಟಿ ಕಟ್ಟಿ, ಬೇರು ಬರ್ಸಿ ಸಸಿ ಮಾಡ್ಕೊಂಡಿದ್ದ. ಹಿಡೀಲಿಲ್ಲ ಅಂತ ಯಾರೋ ಅಂದಿದ್ರು.” ಆಮೇಲೆ ಜಗಲಿಯ ಮೇಲೆ ಕುಸಿದು ಕೂತಳು. “ನಾನೇ ಮುಖ ತಿರುಗಿಸ್ಕೊಂಡ್ನಲ್ಲೋ ಮೂರ್ತಿ. ಮುಖ ನೋಡಲ್ಲ ಅಂದಿದ್ದೆ ಅವತ್ತು. ಅದೇ ಇವತ್ತೂ ಮಾಡ್ದಂಗಾಯ್ತಲ್ಲೋ.”

ಅಷ್ಟು ವರ್ಷ ಕಾದವಳು ಅವಳು. ಮನೆಯವರು ಬಾ ಅನ್ನದೆ ಜಗಲಿ ಹತ್ತುವ ಜಾತಿಯಲ್ಲ ಅವನು. ಅವನ ಜಾಗದಲ್ಲಿ ಯಾರಿದ್ದರೂ ಅವಳು ಮುಖ ತಿರುಗಿಸಿದ್ದನ್ನು ಒಂದೇ ರೀತಿ ಅರ್ಥ ಮಾಡಿಕೊಳ್ಳುತ್ತಿದ್ದರು. ಈಗ ಹೋದರೆ ಇನ್ನು ಈ ಜನ್ಮದಲ್ಲಿ ಅವನು ಬರುವುದಿಲ್ಲ ಎಂಬುದು ನನಗೂ ಗೊತ್ತಾಯಿತು.

ಕೀರ್ತನ ಓಡಿಬಂದಳು. ವಿಷಯವನ್ನೂ ಬಂದವನ ಹಸಿರು ಟೋಪಿಯ ಗುರುತನ್ನೂ ನಾನೇ ಹೇಳಿದೆ. ಗಂಗಕ್ಕ ಬೈಯಲಿಲ್ಲ, ಬೈದಿದ್ದರೆ ಹುಡುಗಿಗೆ ವಾಸಿಯಿತ್ತು. ಕೀರ್ತನ ಫೋನ್ ತೆಗೆದು ಊರಿನ ಮೂಲೆಮೂಲೆಯಲ್ಲಿ ಹರಡಿದ್ದ ಎಲ್ಲ ತಂಡಗಳಿಗೂ ಕಳಿಸಿದಳು: ಒಗಟು ಬಿಡಿ. ಹಸಿರು ಟೋಪಿಯ ದೊಡ್ಡವರೊಬ್ಬರು, ಒಬ್ಬರೇ ಇದ್ದಾರೆ. ಬಸ್ಸು ಹತ್ತಲು ಬಿಡಬೇಡಿ. ಸಿಕ್ಕಿದರೆ, ಯಾರ ಮನೆಗೆ ಬಂದ್ರಿ ಎಂದು ಕೇಳಿ.

ನಾನು ಅಂಗಡಿ ಹಾಗೇ ಬಿಟ್ಟು ಗಂಗಕ್ಕನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡೆ. ಚೀಲ ಅವಳ ತೊಡೆಯ ಮೇಲಿತ್ತು. ಇನ್ನೂ ದಾರಿಯಲ್ಲಿರುವಾಗಲೇ ಕೀರ್ತನಳ ಫೋನ್ ಬಂತು, ಬಸ್‌ಸ್ಟಾಂಡಿನಲ್ಲಿ ಸಿಕ್ಕಿದ್ದಾರೆ ಎಂದು. ದೊಡ್ಡಬಳ್ಳಾಪುರದ ಬಸ್ಸು ಒಂದು ತಪ್ಪಿಹೋಗಿ, ಇನ್ನೊಂದಕ್ಕೆ ಕಾಯುತ್ತ ಚಿಕ್ಕಬೀರಪ್ಪ ಕಲ್ಲುಬೆಂಚಿನ ಮೇಲೆ ಕೂತಿದ್ದ. ಅವನೆದುರು ಮೊರ ಹಿಡಿದ ಇಬ್ಬರು ಹುಡುಗಿಯರು ದಾರಿಗೆ ಅಡ್ಡವಾಗಿ ನಿಂತಿದ್ದರು. ನಾವು ಹಿಂದಿನಿಂದ ಹೋದದ್ದು ಅವನಿಗೆ ಕಾಣಲಿಲ್ಲ.

“ಹೇಳಿ ಅಂಕಲ್, ಯಾರ ಮನೆಗೆ ಬಂದಿದ್ರಿ?”

“ಅಕ್ಕನ್ ಮನೆಗಮ್ಮ. ಮಾತಾಡಿಸ್ಲಿಲ್ಲ, ಹೊಂಟೆ.”

“ಆ ಕಮಲದ ಮನೆ ಅಜ್ಜಿನಾ? ಅವ್ರು ನಮ್ಮನ್ನೂ ಮಾತಾಡಿಸ್ಲಿಲ್ಲ ಅಂಕಲ್. ಇವತ್ತು ಯಾರ್ ಹತ್ರಾನೂ ಮಾತಾಡೋ ಹಾಗಿಲ್ವಂತೆ, ಗೇಮ್ ರೂಲು.”

ಚಿಕ್ಕಬೀರಪ್ಪ ಮಾಸ್ಕು ಕೆಳಗೆಳೆದು ಆ ಹುಡುಗಿಯನ್ನೇ ನೋಡಿದ. “ನಮ್ಮಕ್ಕ ಮಾತಾಡ್ದೆ ಇರೋ ಆಟಾನಾ? ಯಾರಮ್ಮ ಅದನ್ನ ಕಂಡಿಡ್ದೋರು?”

ಗಂಗಕ್ಕ ಮುಂದೆ ಬಂದು ನಿಂತಳು. ತಮ್ಮ ಎದ್ದ. ಹತ್ತಿರದಿಂದ ನೋಡಿದರೆ ಅವನೂ ಮುದುಕನಾಗಿದ್ದ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. ಚೀಲವನ್ನು ಅವನ ಕೈಗೆ ತುರುಕಿದಳು.

“ಬೈರಣ್ಣನ ಕೈಲಿ ಕೊಟ್ಟೋದ್ರೆ ಬಾಗಿನ ಆಯ್ತದೇನೋ? ಹೊತ್ಕೊಂಡ್ ಬಾ. ಹೊಸ್ಲತ್ರ ನಿಂತು ಕೊಡು.”

“ಹೂ ಬಿಡೋದು, ಉದುರೋದು. ವರ್ಷಗಟ್ಲೆ ಹಂಗೇ ಮಾಡ್ತಕ್ಕ ಆ ಚಕ್ಕೋತದ್ ಗಿಡ” ಅಂದ ಚಿಕ್ಕಬೀರಪ್ಪ, ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಕೊಡುವವನಂತೆ. “ಈ ವರ್ಷ ಕಾಯಿ ನಿಂತ್ಕೊಂತು. ಹಣ್ಣು ನೋಡಿದ್ಮೇಲೆ ಅನ್ನಿಸ್ತು, ತವರು ಇಲ್ಲ ಅಂತ ಹೆಂಗೆ ಹೇಳ್ಲಿ ಅಂತ.”

“ಅದನ್ನೆಲ್ಲ ಮನೇಗ್ ಬಂದ್ ಹೇಳು” ಅಂದಳು ಗಂಗಕ್ಕ.

ಅವರಿಬ್ಬರೂ ನಡೆದೇ ಬಂದರು. ನಾನು ಸ್ಕೂಟರ್ ತಳ್ಳಿಕೊಂಡು ಹಿಂದೆ. ಹುಡುಗಿಯರೂ ಬಂದರು, ಅವರ ತಂಡದವರೂ ಬಂದರು. ಆಟ ಹೇಗಿತ್ತು ಎಂದು ಕೇಳುವ ಸ್ಥಿತಿಯಲ್ಲಿ ಕೀರ್ತನ ಇರಲಿಲ್ಲ. ಕಂಪನಿಯವರು ಮುಂದಿನ ವಾರ ಇನ್ನೊಂದು ತಂಡ ಕಳಿಸಿದ ಮೇಲೆಯೇ ಅವರಿಗೆ ಹಿಡಿಸಿದೆ ಎಂದು ಅವಳಿಗೆ ಗೊತ್ತಾಗಿದ್ದು.

ಬೀದಿಗೆ ಬಂದಾಗ ಗಂಗಕ್ಕ ಮೊದಲು ಒಳಗೆ ಹೋದಳು. ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ತಂಬಿಗೆಯಲ್ಲಿ ನೀರು ಹಿಡಿದು ಬಾಗಿಲಿಗೆ ಬಂದಳು. ಲಕ್ಷ್ಮಯ್ಯ ಟೀವಿ ಆರಿಸಿ ಅವಳ ಹಿಂದೆ ನಿಂತ. ಚಿಕ್ಕಬೀರಪ್ಪ ಬೆಳಿಗ್ಗೆ ನಿಂತಿದ್ದ ಜಾಗದಲ್ಲೇ ನಿಂತು ಟೋಪಿ ತೆಗೆದ. ಬೀದಿಯವರೆಲ್ಲ ನೋಡುತ್ತಿದ್ದರು. ಯಾರೂ ಮಾತಾಡಲಿಲ್ಲ, ಈ ಸಲ ಯಾರೂ ಹೇಳಿಕೊಟ್ಟಿರಲಿಲ್ಲ.

“ಯಾರ್ ಮನೆಗಪ್ಪ ಬಂದೆ?” ಅಂದಳು ಗಂಗಕ್ಕ.

“ನಮ್ಮಕ್ಕನ್ ಮನೆಗೆ.”

“ಬಾ ಒಳಕ್ಕೆ.”

ಅವನು ಕಾಲು ತೊಳೆದುಕೊಂಡು, ಕಮಲವನ್ನು ತುಳಿಯದೆ ದಾಟಿ ಒಳಗೆ ಹೋದ.