ಆಗಲ್ಲ ಅಂದ್ರೆ ಏನಾಗುತ್ತೆ?

ಔಷಧಿ ಅಂಗಡಿಯಾಕೆಗೆ ಬೀದಿಯವರು ಇಟ್ಟಿರುವ ಹೆಸರು ‘ಏನಾಗುತ್ತೆ ಅಕ್ಕ’. “ಈ ಮಾತ್ರೆ ನಂಗಾಗಲ್ಲ” ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಕನ್ನಡಕವನ್ನು ಹಣೆಗೇರಿಸಿ, “ಆಗಲ್ಲ ಅಂದ್ರೆ ಏನಾಗುತ್ತೆ?” ಎಂದು ಶುರುವಿಟ್ಟುಕೊಳ್ಳುತ್ತಾಳೆ. ಕಹಿ ಎಂದವರಿಗೆ, “ಅದು ಆಗದೇ ಇರೋದಲ್ಲಪ್ಪಾ, ಬೇಡದೇ ಇರೋದು” ಎಂದು ನಗುತ್ತಾಳೆ. ಪೆನಿಸಿಲಿನ್ ನುಂಗಿ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿತ್ತು ಎಂದರೆ ಮಾತ್ರ ಆ ನಗು ತಟ್ಟನೆ ನಿಲ್ಲುತ್ತದೆ. “ಚೀಟೀಲಿರೋ ಅಮಾಕ್ಸಿಸಿಲಿನ್ನೂ ಅದರ ದಾಯಾದೀನೇ!” ಎಂದು ಡಬ್ಬಿಯನ್ನು ಕಪಾಟಿಗೆ ದಬ್ಬಿ, ಬೇರೆ ಮನೆತನದ ಔಷಧಿ ಹೇಳುವವರೆಗೂ ಡಾಕ್ಟರನ್ನು ಫೋನಿನಲ್ಲೇ ಹಿಡಿದಿಟ್ಟುಕೊಳ್ಳುತ್ತಾಳೆ. ಹಿಂದೆ ನಿಂತವರು ಎಷ್ಟು ಗೊಣಗಿದರೂ ಅವಳಿಗೆ ಲೆಕ್ಕಕ್ಕಿಲ್ಲ. ಒಮ್ಮೆ ಪಕ್ಕದ ಮನೆಯ ಸೊಸೆ, “ನಮ್ಮತ್ತೆ ನಂಗಾಗಲ್ಲ ಅಕ್ಕಾ” ಎಂದು ಅಳಲು ತೋಡಿಕೊಂಡಾಗಲೂ ಅಭ್ಯಾಸಬಲದಿಂದ, “ಏನಾಗುತ್ತೆ? ದದ್ದು ಏಳುತ್ತಾ? ಇಲ್ವಲ್ಲ, ಹಾಗಿದ್ರೆ ಆಗುತ್ತೆ, ಹೋಗು!” ಎಂದುಬಿಟ್ಟಳು; ಅಳುತ್ತಿದ್ದವಳೂ ನಕ್ಕಳು. ಅಂಗಡಿಯ ಮೇಜಿನ ಗಾಜಿನಡಿಯಲ್ಲಿ ಹಳದಿಗಟ್ಟಿದ ಚೀಟಿಯೊಂದಿದೆ. ‘ಏನಾಗುತ್ತೆ ಅಕ್ಕ’ ಚಿಕ್ಕವಳಿದ್ದಾಗ ಶಾಲೆಗೆ ಹೋಗುವಾಗ ಅಮ್ಮ ದಿನವೂ ಅವಳ ಅಂಗಿಗೆ ಪಿನ್ನು ಹಾಕಿ ಸಿಕ್ಕಿಸುತ್ತಿದ್ದದ್ದು: “ಈ ಮಗೂಗೆ ಪೆನಿಸಿಲಿನ್ ಆಗಲ್ಲ. ಔಷಧಿ ಕೊಡೋದಾದ್ರೆ ದಯವಿಟ್ಟು ಕೇಳಿ ಕೊಡಿ.” ಯಾರನ್ನು ಕೇಳಬೇಕೆಂದು ಅಮ್ಮ ಬರೆದಿರಲಿಲ್ಲ; ಅದಕ್ಕೇ ಅವಳು ಎಲ್ಲರನ್ನೂ ಕೇಳುತ್ತಾಳೆ.